ಕೆಂಟಕಿಯ ಅಭಿಮಾನಿಗಳು ತಮ್ಮ ಕೋಚ್ ಮೇಲೆ ಮುನಿದದ್ದೇಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ನಲ್ಲಿ ಎರಡು ವರ್ಷ ಓದಿ ಊರಿಗೆ ಮರಳಿ ಬಹಳ ಕಾಲವಾಯಿತು. ಆದರೂ ಕೆಂಟಕಿ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ತಂಡದ ಹುಚ್ಚು ನನ್ನನ್ನು ಬಿಟ್ಟಿಲ್ಲ. 2024ರ ಮಾರ್ಚ್‌ನಲ್ಲಿ ಕೋಚ್ ಜಾನ್ ಕ್ಯಾಲಿಪರಿ ವಿರುದ್ಧ ಅಭಿಮಾನಿಗಳು ರೊಚ್ಚಿಗೆದ್ದಾಗ ಗೆಳೆಯರು, ನೆಂಟರು, ಅಮೆರಿಕದಲ್ಲಿರುವ ಕನ್ನಡದ ಹುಡುಗರು ಒಂದೇ ಬಗೆಯ ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳಿದರು. ಈಗಲೂ ಕೇಳುತ್ತಾರೆ. ಎಲ್ಲಕ್ಕೂ ಇಲ್ಲಿ ಒಟ್ಟಿಗೆ ಉತ್ತರ ಬರೆದಿದ್ದೇನೆ.

ಒಂದು ಕಾಲೇಜು ತಂಡ ಸೋತರೆ ಇಡೀ ರಾಜ್ಯ ಊಟ ಬಿಡುವುದೇಕೆ?

ಕೆಂಟಕಿಗೆ ಬೇರೆ ತಂಡವಿಲ್ಲ. ಅಮೆರಿಕದ ದೊಡ್ಡ ವೃತ್ತಿಪರ ಲೀಗ್‌ಗಳ ಒಂದು ತಂಡವೂ ಆ ರಾಜ್ಯದಲ್ಲಿಲ್ಲ. ಲೂಯಿವಿಲ್‌ನಲ್ಲಿ ಕೆಂಟಕಿ ಕರ್ನಲ್ಸ್ ಎಂಬ ವೃತ್ತಿಪರ ಬಾಸ್ಕೆಟ್‌ಬಾಲ್ ತಂಡವಿತ್ತು. 1976ರಲ್ಲಿ ಎರಡು ಲೀಗ್‌ಗಳು ಒಂದಾದಾಗ ದೇಶದ ಅತಿ ದೊಡ್ಡ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಗೆ ಸೇರದೆ ಅದು ಮುಚ್ಚಿಹೋಯಿತು. ಲೆಕ್ಸಿಂಗ್ಟನ್‌ನಲ್ಲಿ ನಮ್ಮ ತಂಡದ ತವರು ಅಂಗಣ ರಪ್ ಅರೀನಾ ಬಾಗಿಲು ತೆರೆದದ್ದೂ ಅದೇ ವರ್ಷ. ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಕೂರುವ ಆ ಅಂಗಣದ ಸೂರಿನಿಂದ ಎಂಟು ರಾಷ್ಟ್ರೀಯ ಪ್ರಶಸ್ತಿಗಳ ಪತಾಕೆಗಳು ತೂಗುತ್ತವೆ: 1948, 1949, 1951, 1958, 1978, 1996, 1998, 2012.

ಅಷ್ಟಕ್ಕೇ ಮುಗಿಯುವುದಿಲ್ಲ. ರಾಜ್ಯದ ಪೂರ್ವಕ್ಕೆ ಅಪಲೇಚಿಯನ್ ಬೆಟ್ಟಸೀಮೆ, ಕಲ್ಲಿದ್ದಲ ಗಣಿಗಳ ಊರುಗಳು. ಟಿವಿ ಇನ್ನೂ ಸರಿಯಾಗಿ ತಲುಪದ ಕಾಲದಲ್ಲಿ ಕಾವುಡ್ ಲೆಡ್‌ಫರ್ಡ್ ಎಂಬ ವೀಕ್ಷಕ ವಿವರಣೆಗಾರರ ರೇಡಿಯೊ ಧ್ವನಿ ಆ ಕಣಿವೆಗಳಿಗೆ ಆಟವನ್ನು ತಲುಪಿಸುತ್ತಿತ್ತು. 1953ರಿಂದ 1992ರವರೆಗೆ, ಮೂವತ್ತೊಂಬತ್ತು ವರ್ಷ. ನಮ್ಮಲ್ಲಿ ಟ್ರಾನ್ಸಿಸ್ಟರ್ ಕಿವಿಗೊತ್ತಿಕೊಂಡು ಕ್ರಿಕೆಟ್ ಕೇಳಿದ ತಲೆಮಾರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿಯ ಅಜ್ಜಂದಿರು ಮೊಮ್ಮಕ್ಕಳಿಗೆ ಕೊಟ್ಟ ಬಳುವಳಿಗಳಲ್ಲಿ ಈ ತಂಡವೂ ಒಂದು.

ಕ್ಯಾಲಿಪರಿ ಗೆದ್ದ ಕೋಚ್ ಅಲ್ಲವೇ?

ಗೆದ್ದವರೇ. ಅದರಲ್ಲಿ ಎರಡು ಮಾತಿಲ್ಲ. 2009ರಲ್ಲಿ ಮೆಂಫಿಸ್‌ನಿಂದ ಬಂದರು. ಜಾನ್ ವಾಲ್, ಡಿಮಾರ್ಕಸ್ ಕಸಿನ್ಸ್ ಇದ್ದ ಮೊದಲ ತಂಡದಿಂದಲೇ ಊರಿಗೆ ಜೀವ ಬಂತು. 2011ರಲ್ಲಿ ರಾಷ್ಟ್ರೀಯ ಟೂರ್ನಿಯ ಕೊನೆಯ ನಾಲ್ಕರ ಘಟ್ಟ, 2012ರಲ್ಲಿ ಆಂಥನಿ ಡೇವಿಸ್ ಜೊತೆ ಪ್ರಶಸ್ತಿ, 2014ರಲ್ಲಿ ಫೈನಲ್. 2015ರಲ್ಲಿ ಸತತ 38 ಪಂದ್ಯ ಗೆದ್ದು, ಸೆಮಿಫೈನಲ್‌ನಲ್ಲಿ ವಿಸ್ಕಾನ್ಸಿನ್ ಎದುರು 71-64ರಿಂದ ಎಡವಿದರು.

ಅಲ್ಲಿಂದಾಚೆ ಕೆಂಟಕಿಯಲ್ಲಿ ಅವರು ಕೊನೆಯ ನಾಲ್ಕರ ಘಟ್ಟವನ್ನು ಮತ್ತೆ ಕಾಣಲಿಲ್ಲ.

23 ಗೆದ್ದು 10 ಸೋತ ಋತುವನ್ನು ಕೆಟ್ಟದ್ದು ಎನ್ನಬಹುದೇ?

ಬೇರೆ ಊರಿನಲ್ಲಾದರೆ ಹಾರ ಹಾಕುತ್ತಿದ್ದರು. 2023-24ರ ತಂಡ ಪಂದ್ಯಕ್ಕೆ ಸರಾಸರಿ ಸುಮಾರು 89 ಅಂಕ ಗಳಿಸುತ್ತಿತ್ತು. ಅಲಬಾಮಾ ಮೇಲೆ 117 ಅಂಕ ಹೊಡೆಯಿತು, ನಾರ್ತ್ ಕ್ಯಾರೊಲೈನಾವನ್ನು ಮಣಿಸಿತು, ಟೆನೆಸಿಯನ್ನು ಅದರ ಅಂಗಳದಲ್ಲೇ ಸೋಲಿಸಿತು. ನೋಡಲು ಹಬ್ಬ. ಆದರೆ ಎದುರಾಳಿಗೂ ಪಂದ್ಯಕ್ಕೆ ಸುಮಾರು ಎಂಬತ್ತು ಅಂಕ ಧಾರೆಯೆರೆಯುತ್ತಿತ್ತು. ಡಿಸೆಂಬರ್‌ನಲ್ಲಿ ನಾರ್ತ್ ಕ್ಯಾರೊಲೈನಾ ವಿಲ್ಮಿಂಗ್ಟನ್ ಎಂಬ ಸಣ್ಣ ತಂಡ ರಪ್ ಅರೀನಾಕ್ಕೇ ಬಂದು ಗೆದ್ದುಹೋಯಿತು. ಜನವರಿ ಕೊನೆಯಿಂದ ಫೆಬ್ರುವರಿ ನಡುವಿನೊಳಗೆ ಫ್ಲಾರಿಡಾ, ಟೆನೆಸಿ, ಗೊಂಜಾಗ ತಂಡಗಳ ಎದುರು ತವರಿನಲ್ಲಿ ಸತತ ಮೂರು ಸೋಲು. ರಪ್ ಅರೀನಾದಲ್ಲಿ ಅಂಥದ್ದು ಹಿಂದೆಂದೂ ಆಗಿರಲಿಲ್ಲ.

ಇಡೀ ಋತು ಒಂದೇ ರೋಗ: ರಕ್ಷಣೆ. ನವೆಂಬರ್‌ನಲ್ಲಿ ಕಂಡ ತೂತು ಮಾರ್ಚ್‌ನಲ್ಲೂ ಹಾಗೆಯೇ ಇತ್ತು. ಹುಡುಗರು ಎಳೆಯರು, ಕಲಿಯುತ್ತಾರೆ ಎಂಬ ಮಾತನ್ನು ನವೆಂಬರ್‌ನಲ್ಲಿ ಒಪ್ಪಬಹುದು. ಮಾರ್ಚ್‌ನಲ್ಲೂ ಕಲಿತಿಲ್ಲವಾದರೆ ಕಲಿಸುವವರನ್ನೇ ಕೇಳಬೇಕಾಗುತ್ತದೆ.

ಓಕ್ಲೆಂಡ್ ಪಂದ್ಯದಲ್ಲಿ ಆಗಿದ್ದೇನು?

2024ರ ಮಾರ್ಚ್ 21ರ ಸಂಜೆ, ಪಿಟ್ಸ್‌ಬರ್ಗ್, ರಾಷ್ಟ್ರೀಯ ಟೂರ್ನಿಯ ಮೊದಲ ಸುತ್ತು. ನಮಗೆ 22ರ ಬೆಳಗಿನ ಜಾವ. ಐದಕ್ಕೆ ಮುಂಚೆಯೇ ಎದ್ದು, ಮನೆಯವರಿಗೆ ಎಚ್ಚರವಾಗದಿರಲೆಂದು ಧ್ವನಿ ಅಡಗಿಸಿ, ಅಡುಗೆಮನೆಯಲ್ಲಿ ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿಕೊಂಡು ಕೂತಿದ್ದೆ. ಕೆಂಟಕಿ ಮೂರನೇ ಶ್ರೇಯಾಂಕ, ಮಿಷಿಗನ್‌ನ ಓಕ್ಲೆಂಡ್ ಹದಿನಾಲ್ಕು. ಆ ತಂಡದ ಕೋಚ್ ಗ್ರೆಗ್ ಕ್ಯಾಂಪಿ 1984ರಿಂದ ಅದೇ ಕಾಲೇಜಿನಲ್ಲಿರುವವರು.

ಜ್ಯಾಕ್ ಗೋಲ್ಕಿ ಎಂಬ ಆಟಗಾರ ಅಂದು ಮೂರಂಕದ ಗೆರೆಯಾಚೆಯಿಂದ ಹತ್ತು ಬಾರಿ ಚೆಂಡನ್ನು ಬುಟ್ಟಿಗೆ ಹಾಕಿದ. ಮೊದಲಾರ್ಧದಲ್ಲೇ ಏಳು. ಇದು ಎಲ್ಲಿಂದಲೋ ಉದುರಿದ ವಿಸ್ಮಯವಾಗಿರಲಿಲ್ಲ. ಆತ ಋತುವಿನುದ್ದಕ್ಕೂ ಹೊಡೆಯುತ್ತಿದ್ದದ್ದು ಬಹುತೇಕ ಮೂರಂಕದ ಹೊಡೆತಗಳನ್ನೇ. ಅದು ಎಲ್ಲರಿಗೂ ಗೊತ್ತಿತ್ತು. ಸಹ ಆಟಗಾರನ ಮರೆಯಲ್ಲಿ ಓಡಿ ಬರುವುದು, ಚೆಂಡು ಕೈಗೆ ತಾಕುತ್ತಲೇ ಜಿಗಿಯುವುದು. ನಮ್ಮ ಹುಡುಗ ಒಂದು ಹೆಜ್ಜೆ ತಡ. ಮತ್ತೆ ಅದೇ ಓಟ, ಅದೇ ಮರೆ, ಅದೇ ಒಂದು ಹೆಜ್ಜೆ. ಐದನೆಯದು ಬಿದ್ದಾಗ ನಾನು ಒಲೆಯ ಮೇಲಿನ ಹಾಲು ಮರೆತಿದ್ದೆ. ಏಳನೆಯದಕ್ಕೆ ಹಾಲು ಉಕ್ಕಿ ಹೋಗಿತ್ತು. ಕೊನೆಗೆ 80-76. ಗೋಲ್ಕಿಯದೇ 32 ಅಂಕ.

ಈ ಆಟಗಾರನಿಗೆ ಆಗ 24 ವರ್ಷ. ಎರಡನೇ ದರ್ಜೆಯ ವಿಭಾಗದಲ್ಲಿ ಆಡುವ ಹಿಲ್ಸ್‌ಡೇಲ್ ಕಾಲೇಜಿನಲ್ಲಿ ಐದು ವರ್ಷ ಕಳೆದು ಬಂದವನು. ನಮ್ಮ ಕಡೆ ರೀಡ್ ಶೆಪರ್ಡ್, ರಾಬ್ ಡಿಲಿಂಗ್‌ಹ್ಯಾಮ್ ಇದ್ದರು. ಮೂರು ತಿಂಗಳ ನಂತರ ಎನ್‌ಬಿಎ ತಂಡಗಳು ಅವರನ್ನು ಮೂರನೆಯ ಮತ್ತು ಎಂಟನೆಯ ಆಯ್ಕೆಯಾಗಿ ಕರೆದುಕೊಂಡವು. ಇಬ್ಬರೂ ಋತುವಿನ ಬಹುತೇಕ ಪಂದ್ಯಗಳನ್ನು ಬೆಂಚಿನಿಂದ ಎದ್ದು ಬಂದೇ ಆಡಿದ್ದರು. ಇಂಥ ಪ್ರತಿಭೆಯಿದ್ದೂ ಹೀಗಾಯಿತಲ್ಲ ಎಂಬುದೇ ಅಭಿಮಾನಿಗಳ ಹೊಟ್ಟೆಯ ಸಂಕಟ.

ನಾಕೌಟ್ ಟೂರ್ನಿಯಲ್ಲಿ ಒಂದು ಸೋಲು ಯಾರಿಗೂ ಆಗಬಹುದು. ಅದಕ್ಕೆ ಇಷ್ಟು ಕೂಗಾಟವೇ?

ಒಂದೇ ಆಗಿದ್ದರೆ ಈ ಬರಹವೇ ಇರುತ್ತಿರಲಿಲ್ಲ. 2020-21ರಲ್ಲಿ ತಂಡ ಗೆದ್ದದ್ದು 9, ಸೋತದ್ದು 16. 1926-27ರ ನಂತರ ಅಷ್ಟು ಕೆಟ್ಟ ಋತುವಿರಲಿಲ್ಲ. ಕೋವಿಡ್ ಕಾಲವೆಂದು ಜನ ಹಲ್ಲು ಕಚ್ಚಿ ಸಹಿಸಿದರು. 2022ರ ಮಾರ್ಚ್ 17ರಂದು ಎರಡನೇ ಶ್ರೇಯಾಂಕದ ಕೆಂಟಕಿ, ಹದಿನೈದನೇ ಶ್ರೇಯಾಂಕದ ಸೇಂಟ್ ಪೀಟರ್ಸ್ ಎದುರು ಹೆಚ್ಚುವರಿ ಅವಧಿಯಲ್ಲಿ 85-79ರಿಂದ ಸೋತಿತು. ಆ ವರ್ಷ ರಾಷ್ಟ್ರದ ಅತ್ಯುತ್ತಮ ಆಟಗಾರನೆನಿಸಿದ ಆಸ್ಕರ್ ಶೀಬ್ವೆ ನಮ್ಮವನೇ. ಆತ ಅಂದು 30 ಅಂಕ ಗಳಿಸಿ, ಬುಟ್ಟಿ ತಪ್ಪಿ ಮರಳಿದ ಚೆಂಡನ್ನು 16 ಬಾರಿ ಹಿಡಿದರೂ ತಂಡ ದಡ ಮುಟ್ಟಲಿಲ್ಲ. 2023ರಲ್ಲಿ ಪ್ರಾವಿಡೆನ್ಸ್ ವಿರುದ್ಧ ಗೆಲುವು, ಕನ್ಸಾಸ್ ಸ್ಟೇಟ್ ಎದುರು ಸೋಲು. 2024ರಲ್ಲಿ ಓಕ್ಲೆಂಡ್.

ಲೆಕ್ಕ ಹಾಕಿ. 2019ರ ನಂತರದ ಐದು ಋತುಗಳಲ್ಲಿ, 2020ರ ಟೂರ್ನಿ ಕೋವಿಡ್‌ನಿಂದ ರದ್ದಾದದ್ದನ್ನು ಬದಿಗಿಟ್ಟರೂ, ರಾಷ್ಟ್ರೀಯ ಟೂರ್ನಿಯಲ್ಲಿ ಕೆಂಟಕಿ ಗೆದ್ದದ್ದು ಒಂದೇ ಒಂದು ಪಂದ್ಯ. 2019 ಎಂದು ಯಾಕೆ ಹೇಳಿದೆನೆಂಬುದು ಮುಂದೆ ತಿಳಿಯುತ್ತದೆ.

ಹೊಣೆಗಾರಿಕೆ ಎಂದರೆ ಕೋಚ್‌ನನ್ನು ಕಿತ್ತುಹಾಕಿ ಎಂದು ತಾನೇ?

ಕೂಗಿದವರಲ್ಲಿ ಹಲವರಿಗೆ ಅದೇ ಬೇಕಿತ್ತು. ನನಗೆ ಬೇಕಿದ್ದದ್ದು ಉತ್ತರ. ಎಡವಿದ್ದೆಲ್ಲಿ, ಮುಂದಿನ ವರ್ಷ ಏನನ್ನು ಬದಲಿಸುತ್ತೀರಿ, ಯಾರು ಬದಲಿಸುತ್ತಾರೆ ಎಂದು ಕೇಳಿದಾಗ ನೇರವಾದ ಉತ್ತರ.

ಕ್ಯಾಲಿಪರಿ ಅವರ ಪದ್ಧತಿ ಇದು: ಪ್ರತಿವರ್ಷ ದೇಶದ ಅತಿ ಪ್ರತಿಭಾವಂತ ಹದಿನೆಂಟರ ಹುಡುಗರನ್ನು ಕರೆತರುವುದು, ಒಂದು ವರ್ಷ ಆಡಿಸಿ ಎನ್‌ಬಿಎಗೆ ಕಳುಹಿಸುವುದು. ಪ್ರೌಢಶಾಲೆಯಿಂದ ನೇರವಾಗಿ ಎನ್‌ಬಿಎಗೆ ಹೋಗುವಂತಿಲ್ಲ ಎಂಬ ನಿಯಮ 2006ರಿಂದ ಜಾರಿಗೆ ಬಂದಿದ್ದರಿಂದ ಈ ದಾರಿ ತೆರೆದುಕೊಂಡಿತು. ಹತ್ತು ವರ್ಷ ಅದು ಫಲ ಕೊಟ್ಟಿತು. ಆಮೇಲೆ ಕಾಲ ಬದಲಾಯಿತು. 2021ರಿಂದ ಆಟಗಾರರು ಒಂದು ಋತು ಹೊರಗೆ ಕೂರದೆ ಕಾಲೇಜು ಬದಲಿಸಬಹುದು, ತಮ್ಮ ಹೆಸರು, ಚಿತ್ರಗಳಿಂದ ಹಣವನ್ನೂ ಗಳಿಸಬಹುದು. ಕೋವಿಡ್ ವರ್ಷದ ರಿಯಾಯಿತಿಯಾಗಿ ಒಂದು ಹೆಚ್ಚಿನ ಋತುವೂ ಸಿಕ್ಕಿತು. ಹೀಗಾಗಿ ಎದುರಾಳಿ ತಂಡಗಳ ತುಂಬ ಇಪ್ಪತ್ತಮೂರು, ಇಪ್ಪತ್ನಾಲ್ಕರ ಬಲಿತ ಆಟಗಾರರು ನಿಂತರು. ಗೋಲ್ಕಿ ಅವರಲ್ಲೊಬ್ಬ.

ಓಕ್ಲೆಂಡ್ ಪಂದ್ಯದ ನಂತರ ಕ್ಯಾಲಿಪರಿ ಇದನ್ನು ತಾವೇ ಒಪ್ಪಿಕೊಂಡರು, ಆಟ ವಯಸ್ಸಾದವರದ್ದಾಗಿದೆ ಎಂದರು. ಅದರ ಬೆನ್ನಿಗೇ, ತಾವು ವೃತ್ತಿಯುದ್ದಕ್ಕೂ ಎಳೆಯರೊಂದಿಗೇ ಕೆಲಸ ಮಾಡಿದ್ದು, ಅದರಿಂದ ಎಷ್ಟೋ ಕುಟುಂಬಗಳಿಗೆ ನೆರವಾಗಿದೆ, ಅದನ್ನು ಬಿಡುವುದು ತಮಗೆ ಕಷ್ಟ ಎಂದರು. ಕುಟುಂಬಗಳಿಗೆ ನೆರವಾದದ್ದು ನಿಜ, ಮನಸಾರೆ ಒಪ್ಪುತ್ತೇನೆ. ಆದರೆ ರೋಗ ಗೊತ್ತಿದೆ, ಔಷಧ ಬದಲಿಸಲಾರೆ ಎಂಬಂತಿತ್ತು ಆ ಮಾತು. ನನ್ನ ಸಿಟ್ಟು ನೆತ್ತಿಗೇರಿದ್ದು ಆ ಸೋಲಿಗಿಂತ ಈ ಉತ್ತರಕ್ಕೆ.

ಅಷ್ಟಾದರೂ ವಿಶ್ವವಿದ್ಯಾಲಯ ಅವರನ್ನು ತೆಗೆಯಲಿಲ್ಲವೇಕೆ?

ತೆಗೆಯಲು ಕೈ ಕಟ್ಟಿಹೋಗಿತ್ತು. 2019ರ ವಸಂತದಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್ಎ ವಿಶ್ವವಿದ್ಯಾಲಯ ಕ್ಯಾಲಿಪರಿ ಅವರ ಮೇಲೆ ಕಣ್ಣು ಹಾಕಿತು. ಕೆಂಟಕಿ ಗಾಬರಿಗೊಂಡು ಹತ್ತು ವರ್ಷಕ್ಕೆ 8.6 ಕೋಟಿ ಡಾಲರ್‌ಗಳ ಒಪ್ಪಂದ ಬರೆದುಕೊಟ್ಟಿತು. ಕೋಚ್ ಕೆಲಸ ಬಿಟ್ಟ ಮೇಲೂ ವರ್ಷಕ್ಕೆ ಕನಿಷ್ಠ 9.5 ಲಕ್ಷ ಡಾಲರ್ ಸಂಬಳದಲ್ಲಿ ವಿಶ್ವವಿದ್ಯಾಲಯದ ಪ್ರತಿನಿಧಿಯಾಗಿ ಉಳಿಯುವ ಅವಕಾಶವೂ ಅದರಲ್ಲಿತ್ತು. ಜನ ಅದನ್ನು ಜೀವಮಾನದ ಒಪ್ಪಂದ ಎಂದೇ ಕರೆದರು. ಅವಧಿಗೆ ಮುನ್ನ ಕಾರಣವಿಲ್ಲದೆ ತೆಗೆದರೆ ಉಳಿದ ಹಣದ ಮುಕ್ಕಾಲು ಪಾಲು ಕೊಡಬೇಕು. 2024ರಲ್ಲಿ ಆ ಮೊತ್ತ 3.3 ಕೋಟಿ ಡಾಲರ್ ದಾಟಿತ್ತು.

ಇದಕ್ಕೊಂದು ಹಿನ್ನೆಲೆಯಿದೆ. ಕ್ಯಾಲಿಪರಿಗಿಂತ ಹಿಂದಿದ್ದ ಬಿಲ್ಲಿ ಗಿಲಿಸ್ಪಿ 2007ರಲ್ಲಿ ಒಂದು ತಿಳಿವಳಿಕೆ ಪತ್ರಕ್ಕಷ್ಟೇ ಸಹಿ ಹಾಕಿ ಕೆಲಸಕ್ಕೆ ಸೇರಿದ್ದರು. ಪೂರ್ಣ ಒಪ್ಪಂದಕ್ಕೆ ಎರಡು ವರ್ಷವಾದರೂ ಸಹಿ ಬೀಳಲಿಲ್ಲ. 2009ರಲ್ಲಿ ತೆಗೆದಾಗ ವ್ಯಾಜ್ಯ ನ್ಯಾಯಾಲಯಕ್ಕೆ ಹೋಯಿತು. ಕೊನೆಗೆ ಸುಮಾರು 30 ಲಕ್ಷ ಡಾಲರ್ ಕೊಟ್ಟು ರಾಜಿಯಾದರು. ಒಬ್ಬ ಕೋಚ್ ಜೊತೆ ಕಾಗದವೇ ಸರಿಯಾಗಿರಲಿಲ್ಲ. ಮುಂದಿನವರ ಜೊತೆ ಹತ್ತು ವರ್ಷದಲ್ಲಿ ಬರೆದುಕೊಂಡ ಕಾಗದ ಬಿಡಿಸಿಕೊಳ್ಳಲಾಗದಷ್ಟು ಬಿಗಿಯಾಯಿತು. ಹೊಂಡ ತಪ್ಪಿಸಲು ಹೋಗಿ ಬಾವಿಗೆ ಬಿದ್ದಂತೆ.

ಆದ್ದರಿಂದ 2019 ನನಗೆ ಮುಖ್ಯ. ಐದು ಋತುಗಳಲ್ಲಿ ಒಂದೇ ಟೂರ್ನಿ ಗೆಲುವು ಎಂದೆನಲ್ಲ, ಅದು ಈ ಸಹಿಯ ನಂತರದ ಲೆಕ್ಕ. ಸಹಿಯಿಂದಲೇ ಸೋತರು ಎಂದು ನಾನು ಹೇಳುತ್ತಿಲ್ಲ. ಆದರೆ ಪ್ರಶ್ನೆ ಕೇಳಬೇಕಾದವರು ತಮ್ಮ ಬಾಯಿಗೆ ತಾವೇ ಬೀಗ ಹಾಕಿಕೊಂಡಿದ್ದರು.

ಅದು ತೆರಿಗೆದಾರರ ಹಣವೇ?

ಅಲ್ಲ. ಅಲ್ಲಿಯ ಕ್ರೀಡಾ ವಿಭಾಗ ಟಿಕೆಟ್, ಪ್ರಸಾರ ಹಕ್ಕು ಮತ್ತು ದಾನಿಗಳ ಹಣದಿಂದ ತನ್ನ ಖರ್ಚನ್ನು ತಾನೇ ತೂಗಿಸಿಕೊಳ್ಳುತ್ತದೆ. ಆದರೆ ಟಿಕೆಟ್ ಕೊಳ್ಳುವವರೂ ದಾನ ಕೊಡುವವರೂ ಇದೇ ಅಭಿಮಾನಿಗಳು.

ಹಾಗಾದರೆ ತಪ್ಪು ಕೋಚ್ ಒಬ್ಬರದೇ ಅಲ್ಲ?

ಖಂಡಿತ ಅಲ್ಲ. ಕ್ರೀಡಾ ನಿರ್ದೇಶಕ ಮಿಚ್ ಬಾರ್ನ್‌ಹಾರ್ಟ್ 2002ರಿಂದ ಆ ಕುರ್ಚಿಯಲ್ಲಿದ್ದವರು. ಗಿಲಿಸ್ಪಿ ಬಂದದ್ದು, ಕ್ಯಾಲಿಪರಿ ಬಂದದ್ದು, 2019ರ ಒಪ್ಪಂದ, ಎಲ್ಲವೂ ಅವರ ಕಾಲದ್ದೇ. ಅಭಿಮಾನಿಗಳ ಸಿಟ್ಟು ಬೆಂಚಿನ ಪಕ್ಕ ನಿಂತು ಕೈಬೀಸುವವರ ಮೇಲೆ ಬೀಳುವುದು ಸುಲಭ, ಅವರು ಕಣ್ಣಿಗೆ ಕಾಣುತ್ತಾರೆ. ಕೊಠಡಿಯೊಳಗೆ ಕೂತು ಸಹಿ ಹಾಕಿದವರು ಕಾಣುವುದಿಲ್ಲ. ನನ್ನ ದೂರಿನ ಅರ್ಧ ಪಾಲು ಆ ಕೊಠಡಿಗೆ ಸಲ್ಲಬೇಕು.

ಆಟಗಾರರನ್ನು ಬಯ್ಯುವುದು ಸರಿಯೇ?

ಇಲ್ಲ. ಹದಿನೆಂಟು, ಹತ್ತೊಂಬತ್ತರ ಮಕ್ಕಳು ಅವರು. ಈಗ ಹಣ ಸಿಗುತ್ತದಲ್ಲ, ಬೈಗುಳವನ್ನೂ ತಿನ್ನಲಿ ಎನ್ನುವವರಿದ್ದಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಶೆಪರ್ಡ್ ಅದೇ ರಾಜ್ಯದ ಲಂಡನ್ ಎಂಬ ಊರಿನವನು. ಅವನ ತಂದೆ 1998ರ ಪ್ರಶಸ್ತಿ ಗೆದ್ದ ತಂಡದಲ್ಲಿದ್ದವರು, ತಾಯಿಯೂ ಕೆಂಟಕಿಗೆ ಆಡಿದವರು. ಸೋಲು ಆ ಮನೆಗೆ ನಮಗಿಂತ ಹೆಚ್ಚು ನೋವು ಕೊಟ್ಟಿರುತ್ತದೆ.

ಅಭಿಮಾನಿಗಳೂ ಅತಿ ಮಾಡಲಿಲ್ಲವೇ?

ಮಾಡಿದ್ದಾರೆ. ಟಬಿ ಸ್ಮಿತ್ 1998ರಲ್ಲಿ ಪ್ರಶಸ್ತಿ ತಂದವರು, ಕೆಂಟಕಿಯ ಮೊದಲ ಕಪ್ಪು ಮುಖ್ಯ ಕೋಚ್. ಹತ್ತು ಋತು ದುಡಿದರು. ಆದರೂ ಕೊನೆಯ ವರ್ಷಗಳಲ್ಲಿ ಅವರಿಗೆ ಸಿಕ್ಕಿದ್ದು ಗೊಣಗಾಟವೇ. 2007ರಲ್ಲಿ ಮಿನೆಸೋಟಕ್ಕೆ ಹೊರಟುಹೋದರು. ಆ ಮನುಷ್ಯನನ್ನು ನಡೆಸಿಕೊಂಡ ರೀತಿಗೆ ಈ ಅಭಿಮಾನಿ ಬಳಗ ಇನ್ನೂ ಸಾಲಗಾರ ಎಂದೇ ನನ್ನ ಭಾವನೆ.

ಆದರೆ ಪ್ರತಿ ಆಕ್ಷೇಪವನ್ನೂ ಅತಿರೇಕವೆಂದು ತಳ್ಳಿಹಾಕುವುದೂ ತಪ್ಪು. 2023ರ ಜನವರಿಯಲ್ಲಿ, ತವರಿನಲ್ಲಿ ಸೌತ್ ಕ್ಯಾರೊಲೈನಾ ಎದುರು 71-68ರಿಂದ ಸೋತ ಪಂದ್ಯದಲ್ಲಿ ಒಬ್ಬ ಅಭಿಮಾನಿ ದಯವಿಟ್ಟು ಟೆಕ್ಸಸ್‌ಗೆ ಹೋಗಿ ಎಂದು ಬರೆದ ಫಲಕ ಹಿಡಿದಿದ್ದ. ಟೆಕ್ಸಸ್‌ನ ಕೋಚ್ ಹುದ್ದೆ ಆಗಷ್ಟೇ ಖಾಲಿಯಾಗಿತ್ತು. ಫಲಕ ಹಿಡಿದವನನ್ನು ಅಂಗಣದಿಂದ ಹೊರಗೆ ಕಳುಹಿಸಿದರು. ಅದರಲ್ಲಿ ಬೈಗುಳವಿರಲಿಲ್ಲ, ದಯವಿಟ್ಟು ಎಂಬ ಮಾತಿತ್ತು. ದುಡ್ಡು ಕೊಟ್ಟು ಒಳಗೆ ಬಂದವನು ರಟ್ಟಿನ ಮೇಲೆ ನಾಲ್ಕು ಪದ ಬರೆದು ಹಿಡಿಯಲೂ ಬಾರದೆಂದರೆ ಅವನು ತನ್ನ ಮಾತನ್ನು ಎಲ್ಲಿ ಹೇಳಬೇಕು?

ಇಷ್ಟೆಲ್ಲ ದೂರುವ ನಿಮಗೆ ಆ ಮನುಷ್ಯನಲ್ಲಿ ಒಳ್ಳೆಯದೇನೂ ಕಾಣಲಿಲ್ಲವೇ?

ಬಹಳ ಕಂಡಿದೆ. 2021ರ ಡಿಸೆಂಬರ್‌ನಲ್ಲಿ ಪಶ್ಚಿಮ ಕೆಂಟಕಿಯನ್ನು ಸುಂಟರಗಾಳಿ ನೆಲಸಮ ಮಾಡಿದಾಗ, 2022ರ ಬೇಸಿಗೆಯಲ್ಲಿ ಪೂರ್ವದ ಬೆಟ್ಟಸೀಮೆ ನೆರೆಯಲ್ಲಿ ಮುಳುಗಿದಾಗ, ಟಿವಿಯಲ್ಲಿ ಕೂತು ಹಣ ಕೂಡಿಸಿದವರು ಅವರು. ಅದೇ ವರ್ಷ ಅಕ್ಟೋಬರ್‌ನಲ್ಲಿ ತಂಡವನ್ನು ಪೈಕ್‌ವಿಲ್‌ಗೆ ಕರೆದೊಯ್ದು ನೆರೆ ಸಂತ್ರಸ್ತರಿಗಾಗಿ ಪ್ರದರ್ಶನ ಪಂದ್ಯ ಆಡಿಸಿದರು. ಆ ದಿನದ ಒಂದು ಚಿತ್ರ ನನ್ನ ಕಣ್ಣಿನಿಂದ ಹೋಗುವುದಿಲ್ಲ. ಗಣಿಯ ಪಾಳಿ ಮುಗಿಸಿ ಸ್ನಾನಕ್ಕೂ ನಿಲ್ಲದೆ ಬಂದ ಒಬ್ಬ ತಂದೆ. ಮುಖ, ಕೈ, ಅಂಗಿ ಎಲ್ಲ ಕಲ್ಲಿದ್ದಲ ಮಸಿ. ಪಕ್ಕದಲ್ಲಿ ಪುಟ್ಟ ಮಗ, ಮೊದಲ ಬಾರಿಗೆ ತಂಡವನ್ನು ಕಣ್ಣಾರೆ ನೋಡುತ್ತಿದ್ದಾನೆ. ಕ್ಯಾಲಿಪರಿ ಆ ಚಿತ್ರವನ್ನು ಹಂಚಿಕೊಂಡು, ತಮ್ಮ ಮನೆತನದ ಬದುಕೂ ಇಂಥದ್ದೇ ಗಣಿಯಿಂದ ಶುರುವಾಯಿತೆಂದು ಬರೆದು, ಆ ಕುಟುಂಬವನ್ನು ರಪ್ ಅರೀನಾಕ್ಕೆ ಅತಿಥಿಗಳಾಗಿ ಕರೆದರು.

ಅಲ್ಲಿ ತೋರಿಸಿದ ಕರುಳನ್ನು ನಾನು ಮರೆತಿಲ್ಲ. ಆದರೆ ಆ ತಂದೆ ಪಾಳಿ ಮುಗಿಸಿ ಓಡಿ ಬಂದದ್ದು ಈ ತಂಡಕ್ಕಾಗಿ. ಈ ವರ್ಷ ಹೀಗೇಕಾಯಿತು ಎಂದು ಕೇಳುವ ಹಕ್ಕು ಅವನಿಗಿದೆ, ಅವನ ಮಗನಿಗೂ ಇದೆ.

ಕೊನೆಗೆ ಅವರು ಹೋದದ್ದು ಹೇಗೆ?

ಓಕ್ಲೆಂಡ್ ಸೋಲಿನ ಐದು ದಿನಗಳ ನಂತರ, ಮಾರ್ಚ್ 26ರಂದು, ಕ್ಯಾಲಿಪರಿಯೇ ಮುಂದುವರಿಯುತ್ತಾರೆ ಎಂದು ಬಾರ್ನ್‌ಹಾರ್ಟ್ ಪ್ರಕಟಿಸಿದರು. ಆಮೇಲೆ ಕಳೆದದ್ದು ಎರಡೇ ವಾರ. ಅರ್ಕನ್ಸಾ ವಿಶ್ವವಿದ್ಯಾಲಯದ ಕೋಚ್ ಎರಿಕ್ ಮಸಲ್‌ಮನ್ ಬೇರೆಡೆಗೆ ಹೋಗಿದ್ದರಿಂದ ಅಲ್ಲಿ ಜಾಗ ಖಾಲಿಯಾಗಿತ್ತು. ಏಪ್ರಿಲ್ 9ರಂದು ಕ್ಯಾಲಿಪರಿ ಒಂದು ವಿಡಿಯೊದಲ್ಲಿ, ಈ ತಂಡಕ್ಕೆ ಈಗ ಬೇರೊಂದು ಧ್ವನಿ ಬೇಕಿರಬಹುದು ಎಂದು ಹೇಳಿ ಹೊರಟರು. ಅರ್ಕನ್ಸಾದಲ್ಲಿ ಐದು ವರ್ಷದ ಒಪ್ಪಂದ, ವರ್ಷಕ್ಕೆ 70 ಲಕ್ಷ ಡಾಲರ್. ತಾವಾಗಿಯೇ ಬಿಟ್ಟದ್ದರಿಂದ ಕೆಂಟಕಿ ಆ 3.3 ಕೋಟಿಯನ್ನು ಕೊಡಬೇಕಾಗಲಿಲ್ಲ.

ಜನ ನಿಟ್ಟುಸಿರು ಬಿಟ್ಟರು. ನನಗೆ ಮಾತ್ರ ಹಿಡಿಸಲಿಲ್ಲ. ಯಾರೂ ಯಾವುದಕ್ಕೂ ಉತ್ತರ ಹೇಳದೆಯೇ ವಿಷಯ ಮುಗಿಯಿತು. ಖಾಲಿಯಾದ ಕುರ್ಚಿಯನ್ನು ಇನ್ನೇನು ಕೇಳುವುದು?

ಹೊಸ ಕೋಚ್ ಬಂದ ಮೇಲೆ ಎಲ್ಲ ಸರಿಹೋಯಿತೇ?

ಹೊಸ ಕೋಚ್ ಮಾರ್ಕ್ ಪೋಪ್ 1996ರ ಪ್ರಶಸ್ತಿ ಗೆದ್ದ ತಂಡದ ನಾಯಕರಲ್ಲೊಬ್ಬರು. ಅವರ ಹೆಸರು ಕೇಳಿದ ಮೊದಲ ದಿನ ಅಭಿಮಾನಿಗಳಲ್ಲಿ ಅನೇಕರು ಮುಖ ಸಿಂಡರಿಸಿದ್ದರು, ಅವರು ಆಗ ಕೋಚ್ ಆಗಿದ್ದ ಬಿವೈಯು ವಿಶ್ವವಿದ್ಯಾಲಯದ ತಂಡವೂ ಅದೇ ಮಾರ್ಚ್‌ನಲ್ಲಿ ಮೊದಲ ಸುತ್ತಿನಲ್ಲೇ ಸೋತಿತ್ತು. ಏಪ್ರಿಲ್ 14ರ ಪರಿಚಯ ಸಮಾರಂಭಕ್ಕೆ ಹಳೆಯ ಸಹ ಆಟಗಾರರೊಡನೆ ಬಸ್ಸಿನಲ್ಲಿ ಬಂದು, 1996ರ ಟ್ರೋಫಿ ಹಿಡಿದು ಇಳಿದಾಗ ರಪ್ ಅರೀನಾ ತುಂಬಿ ತುಳುಕುತ್ತಿತ್ತು. ಇಲ್ಲಿಯ ಕೆಲಸ ಪತಾಕೆ ಏರಿಸುವುದು, ಅದು ತನಗೆ ಗೊತ್ತಿದೆ ಎಂದು ಅವರು ಮೊದಲ ದಿನವೇ ಬಾಯಿಬಿಟ್ಟು ಹೇಳಿದರು. ಅಳತೆಗೋಲನ್ನು ತಾವೇ ಜನರ ಕೈಗಿತ್ತ ಹಾಗಾಯಿತು. ನನಗೆ ಅದು ಇಷ್ಟವಾಯಿತು. 2025ರಲ್ಲಿ ತಂಡ ಕೊನೆಯ ಹದಿನಾರರ ಘಟ್ಟ ತಲುಪಿ ಟೆನೆಸಿಗೆ ಸೋತಿತು. ಇದೇ ಅಳತೆಗೋಲನ್ನು ಅವರ ಮುಂದೆಯೂ ಹಿಡಿಯಬೇಕು, ವರ್ಷ ವರ್ಷವೂ.

ಕ್ಯಾಲಿಪರಿ ಮೇಲೆ ಈಗಲೂ ಸಿಟ್ಟಿದೆಯೇ?

2025ರ ಫೆಬ್ರುವರಿ 1ರಂದು ಅರ್ಕನ್ಸಾ ತಂಡದೊಂದಿಗೆ ಅವರು ರಪ್ ಅರೀನಾಕ್ಕೆ ಬಂದರು. ಅಂಗಳಕ್ಕೆ ಕಾಲಿಡುತ್ತಲೇ ಜನ ಕೂಗಿ ಛೀಮಾರಿ ಹಾಕಿದರು. ಅಂದು ಗೆದ್ದದ್ದು ಅವರೇ, 89-79. ನಮ್ಮಲ್ಲಿ ಮರುದಿನದ ಬೆಳಿಗ್ಗೆ; ನಾನು ಆಗಲೂ ಅಡುಗೆಮನೆಯಲ್ಲೇ ಇದ್ದೆ. ಛೀಮಾರಿಯ ಸದ್ದು ಕೇಳಿ ನನಗೆ ಖುಷಿಯಾಗಲಿಲ್ಲ. ಅವರ ತಲೆಯ ಮೇಲೆ, ಅದೇ ಸೂರಿನಲ್ಲಿ, 2012ರ ಪತಾಕೆ ತೂಗುತ್ತಿತ್ತು. ಅದನ್ನು ಕಟ್ಟಿಸಿದವರು ಅವರು. ಸಿಟ್ಟು ಇಳಿದಿದೆ. ಆ ಪ್ರಶ್ನೆಗೆ ಉತ್ತರ ಮಾತ್ರ ನನಗೆ ಇನ್ನೂ ಬರಬೇಕಾಗಿದೆ.